ಸಾಕವ್ವನಿಂದ ಪುಟ್ಟಕ್ಕನವರೆಗೆ

ದೇವನೂರ ಮಹಾದೇವರ ‘ಒಡಲಾಳ’ವು ಸಿ.ಜಿ. ಕೃಷ್ಣಸ್ವಾಮಿಯವರ ನಿರ್ದೇಶನದಲ್ಲಿ ರಂಗವನ್ನೇರಿದಾಗ, ಕಳೆದುಹೋದ ಹುಂಜವೊಂದನ್ನು ಅರಸುತ್ತ ಅಲೆಯುವ ವೃದ್ಧೆ ಸಾಕವ್ವನಲ್ಲಿ ಉಮಾಶ್ರೀಯವರು ಹಸಿವಿನ ನಡುವಣ ಘನತೆಯನ್ನೇ ಮೂರ್ತಗೊಳಿಸಿದರು. 1984ರ ‘ಅನುಭವ’ ಚಿತ್ರದಿಂದ ಜನಪರಿಚಿತರಾದ ಇಂತಹ ನಟಿಯನ್ನು ಚಿತ್ರರಂಗವು ಬಹುಕಾಲ ಹಾಸ್ಯಪಾತ್ರಗಳ ಪರಿಧಿಯಲ್ಲಿಯೇ ಇರಿಸಿದುದು ಖೇದದ ಸಂಗತಿಯೇ ಸರಿ. ಆ ಋಣವನ್ನು ತೀರಿಸಿದುದು ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’. ಕರಾವಳಿಯ ಬೆಸ್ತರ ನಡುವೆ ಏಕಾಕಿನಿಯಾಗಿ ಬಾಳುವ, ಸಿನಿಮಾ ಎಂದರೆ ಮೈಮರೆಯುವ ಮುಸ್ಲಿಂ ಸೂಲಗಿತ್ತಿ ಗುಲಾಬಿಯ ಗುಡಿಸಲಿಗೆ ಬಣ್ಣದ ಟೆಲಿವಿಷನ್ ಬಂದೊಡನೆ, ನೆರೆಯ ಹೆಂಗಸರಲ್ಲಿ ಕೆಲವರು ಒಳಗೆ ಬಂದು ಕುಳಿತರೆ, ಕೆಲವರು ಹೊರಗೆ ನಿಂತೇ ನೋಡುವರು. ಆ ಅಂತರವನ್ನು ಅರಿತೂ ಅರಿಯದಂತಿರುವ ಅವಳ ಮುಖಭಾವ ಮರೆಯಲಾಗದ್ದು. ಆ ಪಾತ್ರಕ್ಕಾಗಿ ಉಮಾಶ್ರೀಯವರಿಗೆ ಶ್ರೇಷ್ಠ ನಟಿಯೆಂಬ ರಾಷ್ಟ್ರಪ್ರಶಸ್ತಿ ಸಂದಿತು. ಮುಂದೆ ಸಚಿವೆಯೂ ಆಗಿದ್ದ ಅವರು, 2021ರಲ್ಲಿ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುವ ತಾಯಿಯಾಗಿ ಮನೆಮನೆಯನ್ನು ಹೊಕ್ಕರು.