ಕವಿತೆ ಧ್ವನಿಸುರುಳಿಗೆ ಬಂದ ವರ್ಷ

1978ರಲ್ಲಿ ಕೆ. ಎಸ್. ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ ಧ್ವನಿಸುರುಳಿ ಬಿಡುಗಡೆಯಾಯಿತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದು ಅದನ್ನು ಗುರುತಿಸಲಾಗುತ್ತದೆ. ರಾಗಸಂಯೋಜನೆ ಮೈಸೂರು ಅನಂತಸ್ವಾಮಿ ಅವರದು. ರಾಜ್ಯೋತ್ಸವದ ದಿನ ನೀವು ಶಾಲೆಯ ಅಂಗಳದಲ್ಲಿ ನಿಂತು ಹಾಡುವ ಆ ಗೀತೆ ನಿಮಗೆ ಬಂದಿರುವುದು ಅವರು ಕಟ್ಟಿದ ಧಾಟಿಯಲ್ಲಿಯೇ.

ಅದೇ ವರ್ಷ ನವೆಂಬರ್ 25ರಂದು ಜಪಾನಿನಲ್ಲಿ ಇನ್ನೊಂದು ಸಂಗೀತ ಸಂಕಲನ ಹೊರಬಂದಿತು. ಹರುಒಮಿ ಹೊಸೊನೊ, ಯುಕಿಹಿರೊ ತಕಹಾಶಿ, ರ್‍ಯೂಯಿಚಿ ಸಕಮೊಟೊ ಎಂಬ ಮೂವರ ‘ಯೆಲ್ಲೊ ಮ್ಯಾಜಿಕ್ ಆರ್ಕೆಸ್ಟ್ರಾ’ ತಂಡದ ಮೊದಲ ಕೃತಿ ಅದು. ಅವರು ಸಿಂಥಸೈಜರ್ ಎಂಬ ವಿದ್ಯುನ್ಮಾನ ವಾದ್ಯಗಳನ್ನು ಬಳಸಿದ್ದಲ್ಲದೆ, ರೋಲೆಂಡ್ ಕಂಪನಿಯ ಎಂಸಿ-8 ಎಂಬ ಯಂತ್ರವನ್ನೂ ಬಳಸಿದರು. ಸ್ವರ ಯಾವುದು, ಎಷ್ಟು ಹೊತ್ತು ಎಂಬುದನ್ನು ಅಂಕಿಗಳಲ್ಲಿ ಒತ್ತಿ ತುಂಬಿದರೆ ಯಂತ್ರವೇ ವಾದ್ಯವನ್ನು ನುಡಿಸುತ್ತಿತ್ತು. ಅಲ್ಲಿ ನಾದವೇ ಹೊಸದು. ನಮ್ಮಲ್ಲಿ ಹೊಸದಾಗಿದ್ದುದು ನಾದವಲ್ಲ, ಅದನ್ನು ಹೊತ್ತು ತಂದ ಸಾಧನ. ಯಾದಗಿರಿಯಂಥ ಊರಿಗೆ ಈ ಎರಡನೆಯದೇ ದೊಡ್ಡ ಬದಲಾವಣೆ ಎಂದು ನನ್ನ ಅನಿಸಿಕೆ. ಏಕೆಂದು ನೋಡೋಣ.

ಕವಿತೆಯನ್ನು ಹಾಡುವುದು 1978ರಲ್ಲಿ ಹುಟ್ಟಿದ್ದಲ್ಲ. ಪಿ. ಕಾಳಿಂಗರಾಯರು ಅದಕ್ಕಿಂತ ಬಹಳ ಮೊದಲೇ ಕನ್ನಡ ಕವಿಗಳನ್ನು ವೇದಿಕೆಗೆ ತಂದಿದ್ದರು. ಆದರೆ ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಸುತ್ತಿದ್ದುದು ಮೂರು ನಿಮಿಷ ಚಿಲ್ಲರೆ. ಆಕಾಶವಾಣಿಯ ಕಲಬುರಗಿ ಕೇಂದ್ರ 1966ರಲ್ಲಿ ಆರಂಭವಾಯಿತು, ನಿಜ. ಆದರೆ ಬಾನುಲಿಯ ಹಾಡನ್ನು ಅವರು ಹಾಕಿದಾಗ ಕೇಳಬೇಕು, ತಪ್ಪಿದರೆ ತಪ್ಪಿತು. 1963ರಲ್ಲಿ ಫಿಲಿಪ್ಸ್ ಕಂಪನಿ ಹೊರತಂದ ಕ್ಯಾಸೆಟ್ ಈ ಕಟ್ಟುಗಳನ್ನು ಬಿಡಿಸಿತು. ಅರುವತ್ತು ನಿಮಿಷದ ಸುರುಳಿ. ಬೇಕೆಂದಷ್ಟು ಸಲ ಹಿಂದಕ್ಕೆ ತಿರುಗಿಸಬಹುದು. ಕರೆಂಟು ಹೋದರೂ, ಅಥವಾ ಊರಿಗೆ ಬಂದೇ ಇರದಿದ್ದರೂ, ಬ್ಯಾಟರಿ ಸೆಲ್ಲುಗಳ ಮೇಲೆ ನಡೆಯುತ್ತದೆ. ಒಂದು ಹಾಡನ್ನು ಹತ್ತು ಬಾರಿ ತಿರುಗಿಸಿ ಕೇಳಿ ಕಂಠಪಾಠ ಮಾಡಬೇಕಾದ ಹುಡುಗಿಗೆ ಇದರ ಬೆಲೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಮ್ಮ ಭಾಗಕ್ಕೆ ಬರೋಣ. ಯಾದಗಿರಿ, ಶಹಾಪುರ, ಸುರಪುರಗಳು ಆಗ ಕಲಬುರಗಿ ಜಿಲ್ಲೆಯ ತಾಲ್ಲೂಕುಗಳು. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಡಿಸೆಂಬರ್ 30ರಂದು. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಆಡಳಿತ ಭಾಷೆ ಉರ್ದು. ಈ ಪ್ರದೇಶ ಕನ್ನಡ ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಕನ್ನಡ ಶಾಲೆ, ಕನ್ನಡ ಪುಸ್ತಕ ಎರಡೂ ಇಲ್ಲಿಗೆ ತಡವಾಗಿ ಬಂದವು. 2011ರ ಜನಗಣತಿಯಲ್ಲೂ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡಾ 51.83, ರಾಜ್ಯದಲ್ಲೇ ಕನಿಷ್ಠ. ಆದರೆ ಓದು ಬಾರದವರಿಗೆ ಕಾವ್ಯ ಬಾರದು ಎಂದು ತಿಳಿಯಬಾರದು. ತತ್ವಪದ, ಭಜನೆ, ಮೊಹರಂ ಪದಗಳು ಬಾಯಿಂದ ಬಾಯಿಗೆ ಬಂದ ನೆಲ ಇದು. ಹೊಸಗನ್ನಡದ ಕವಿ ಮಾತ್ರ ಅಚ್ಚಿನ ಪುಟದೊಳಗೇ ಇದ್ದ. ಧ್ವನಿಸುರುಳಿಯಿಂದಾಗಿ ಅವನೂ ಈ ಸಾಲಿಗೆ ಬಂದು ಸೇರಿದ.

ಕವಿತೆಯ ಒಳಗನ್ನೂ ಒಮ್ಮೆ ಗಮನಿಸಿ. ‘ನಿತ್ಯೋತ್ಸವ’ ಪುಸ್ತಕವಾಗಿ ಬಂದದ್ದು 1976ರಲ್ಲಿ. ದೇವನಹಳ್ಳಿಯಲ್ಲಿ 1936ರಲ್ಲಿ ಹುಟ್ಟಿದ ನಿಸಾರ್ ಅಹಮದ್ ವೃತ್ತಿಯಿಂದ ಭೂವಿಜ್ಞಾನದ ಅಧ್ಯಾಪಕರು. ನಾಡನ್ನು ಹೊಗಳುವ ಗೀತೆಯಲ್ಲಿ ಹೊಳೆ, ಕಾಡು ಬರುವುದು ವಾಡಿಕೆ. ಇವರು ಸಹ್ಯಾದ್ರಿಯ ಒಡಲಿನ ಅದಿರನ್ನೂ ತಂದರು. ಜೋಗ, ತುಂಗೆಗಳನ್ನು ಸುರಪುರದ ಅನೇಕ ಮಕ್ಕಳು ಕಣ್ಣಾರೆ ಕಾಣುವ ಮೊದಲು ಈ ಹಾಡಿನಲ್ಲೇ ಕಂಡಿರುತ್ತಾರೆ. ಮುಂದಿನ ಚರಣ ಶಾಸನ, ಓಲೆಗರಿ, ದೇಗುಲದ ಗೋಡೆಗಳತ್ತ ತಿರುಗುತ್ತದೆ. ಅಲ್ಲಿ ಶಹಾಪುರ ತಾಲ್ಲೂಕಿನ ಶಿರವಾಳದ ಹಳೆಯ ಗುಡಿಗಳಿಗೂ ಪಾಲಿದೆಯೆಂದು ಇಲ್ಲಿನವರು ಹೇಳಿಕೊಂಡರೆ ತಪ್ಪಿಲ್ಲ.

ಇದರಿಂದ ಲಾಭವಷ್ಟೇ ಆಯಿತೆಂದು ಹೇಳಲಾಗದು. ಧಾಟಿಗೆ ಒಗ್ಗಿದ ಕವಿತೆ ಊರೂರು ಸುತ್ತಿತು. ಒಗ್ಗದ ಒಳ್ಳೆಯ ಕವಿತೆ ಪುಸ್ತಕದಲ್ಲೇ ಉಳಿಯಿತು. ಕ್ಯಾಸೆಟ್ಟನ್ನು ನಕಲು ಮಾಡುವುದು ಸುಲಭವಾದ್ದರಿಂದ ಕಳ್ಳಪ್ರತಿಗಳೂ ಹೆಚ್ಚಿದವು. ಇದನ್ನು ತಡೆಯಲು 1984ರಲ್ಲಿ ಕೃತಿಸ್ವಾಮ್ಯ ಕಾಯಿದೆಗೆ ತಿದ್ದುಪಡಿ ಬಂದಿತು. ತಯಾರಿಸಿದವರ ಹಾಗೂ ಹಕ್ಕುದಾರರ ಹೆಸರು ವಿಳಾಸ, ಮೊದಲ ಪ್ರಕಟಣೆಯ ವರ್ಷ, ಇಷ್ಟನ್ನು ಕ್ಯಾಸೆಟ್ಟಿನ ಮೇಲೆ ಮುದ್ರಿಸಬೇಕೆಂದಾಯಿತು. ಕವಿಯ ಹೆಸರನ್ನು ಮುದ್ರಿಸಬೇಕೆಂಬ ಮಾತು ಆ ಪಟ್ಟಿಯಲ್ಲಿಲ್ಲ! ಹಾಡು ಬಾಯಿಗೆ ಬಂದಮೇಲೆ ಬರೆದವರು ಯಾರೆಂದು ಕೇಳುವವರು ಹೇಗೂ ಕಡಿಮೆ.

‘ನಿತ್ಯೋತ್ಸವ’ದ ಮಟ್ಟಿಗೆ ಹಾಗಾಗಲಿಲ್ಲ. 1995ರ ಜನವರಿಯಲ್ಲಿ ಅನಂತಸ್ವಾಮಿ ತೀರಿಕೊಂಡರು. 2020ರ ಮೇ 3ರಂದು ನಿಸಾರ್ ಅಹಮದ್ ನಿಧನರಾದಾಗ, ಅವರ ಒಂದು ಪುಸ್ತಕವನ್ನೂ ಓದಿರದವರು ಕೂಡ ‘ನಿತ್ಯೋತ್ಸವದ ಕವಿ’ ಹೋದರೆಂದು ಹೇಳಿಕೊಂಡರು.