ಜೀನಿಯ ಬಾಟಲಿ, ಆರ್ಚಿಯ ಕುರ್ಚಿ: ಹಾಸ್ಯ ಧಾರಾವಾಹಿಗಳ ಮನೆಸಾಮಾನಿಗೂ ಸಂಗ್ರಾಹಕರು

ಕಿರುತೆರೆಯ ಹಳೆಯ ಹಾಸ್ಯ ಧಾರಾವಾಹಿಗಳಲ್ಲಿ ಕಾಣಿಸಿಕೊಂಡ ಕುರ್ಚಿ, ದೀಪ, ಹೂದಾನಿ, ಬಾಟಲಿ ಮುಂತಾದ ಗೃಹಬಳಕೆಯ ವಸ್ತುಗಳನ್ನು ಸಂಗ್ರಹಿಸುವುದು ಅಮೆರಿಕದಲ್ಲಿ ಹಲವು ದಶಕಗಳಿಂದ ಬೆಳೆದು ಬಂದಿರುವ ಹವ್ಯಾಸವಾಗಿದೆ. ನಾಣ್ಯ, ಅಂಚೆಚೀಟಿಗಳ ಸಂಗ್ರಹಕ್ಕಿಂತ ಇದು ಒಂದು ಮುಖ್ಯ ವಿಷಯದಲ್ಲಿ ಭಿನ್ನ. ಇಲ್ಲಿ ವಸ್ತುವಿಗೆ ಸ್ವತಃ ಬೆಲೆ ಇರುವುದು ಅಪರೂಪ. ಅದು ಕ್ಯಾಮೆರಾದ ಮುಂದೆ ಇತ್ತೇ ಇಲ್ಲವೇ ಎಂಬ ಒಂದೇ ಪ್ರಶ್ನೆಯ ಮೇಲೆ ಅದರ ಮೌಲ್ಯ ನಿಂತಿರುತ್ತದೆ. ಆ ಪ್ರಶ್ನೆಗೆ ಉತ್ತರ ಹೇಳುವುದು ತೋರುವಷ್ಟು ಸುಲಭವಲ್ಲ.

ಹವ್ಯಾಸದ ಮೂಲ

ಸ್ಟುಡಿಯೊಗಳ ದೃಷ್ಟಿಯಲ್ಲಿ ಪೀಠೋಪಕರಣಗಳು ಬಹುಕಾಲ ಕೇವಲ ದಾಸ್ತಾನಾಗಿದ್ದವು. ಒಂದು ಧಾರಾವಾಹಿ ಮುಗಿದೊಡನೆ ಅದರ ಸೋಫಾ ಗೋದಾಮಿಗೆ ಮರಳಿ, ಬಟ್ಟೆ ಬದಲಾಯಿಸಿಕೊಂಡು ಮತ್ತೊಂದು ಧಾರಾವಾಹಿಯಲ್ಲಿ ಕಾಣಿಸಿಕೊಳ್ಳುತ್ತಿತ್ತು. ಬಾಡಿಗೆಗೆ ತಂದ ಸಾಮಾನು ಬಾಡಿಗೆ ಮಳಿಗೆಗೇ ಹಿಂದಿರುಗುತ್ತಿತ್ತು. ಉಳಿದದ್ದು ಕಸದ ಪಾಲಾಗುತ್ತಿತ್ತು, ಇಲ್ಲವೇ ಸಿಬ್ಬಂದಿಯ ಮನೆ ಸೇರುತ್ತಿತ್ತು.

1970ರಲ್ಲಿ ಎಂಜಿಎಂ ಸಂಸ್ಥೆಯು ತನ್ನ ಗೋದಾಮುಗಳನ್ನು ಬರಿದು ಮಾಡಲು ನಡೆಸಿದ 18 ದಿನಗಳ ಹರಾಜು ಈ ಧೋರಣೆಯನ್ನು ಬದಲಿಸಿತು. 'ದಿ ವಿಝರ್ಡ್ ಆಫ್ ಆಝ್' ಚಿತ್ರದ ಕೆಂಪು ಪಾದರಕ್ಷೆಗಳು ಅಲ್ಲಿ 15,000 ಡಾಲರಿಗೆ ಮಾರಾಟವಾದವು. ಹಳೆಯ ಸಾಮಾನಿಗೂ ಗಿರಾಕಿಗಳಿದ್ದಾರೆ ಎಂಬುದು ಚಿತ್ರರಂಗಕ್ಕೆ ಅಂದು ಮನವರಿಕೆಯಾಯಿತು. ಕಿರುತೆರೆಯ ವಸ್ತುಗಳಿಗೆ ಆ ಮನ್ನಣೆ ದೊರೆಯಲು ಇನ್ನಷ್ಟು ಕಾಲ ಬೇಕಾಯಿತು.

ಮದ್ಯದ ಬಾಟಲಿಯಿಂದ ಮಾಯಾ ಬಾಟಲಿ

ಈ ಹವ್ಯಾಸದ ಸೊಗಸು ಮತ್ತು ಗೊಂದಲ ಎರಡನ್ನೂ ಅರಿಯಲು 'ಐ ಡ್ರೀಮ್ ಆಫ್ ಜೀನಿ' ಉತ್ತಮ ನಿದರ್ಶನ. ಕಾದಂಬರಿಗಳ ಮೂಲಕ ಕರ್ನಾಟಕದ ಓದುಗರಿಗೂ ಪರಿಚಿತರಾದ ಸಿಡ್ನಿ ಶೆಲ್ಡನ್ ಈ ಧಾರಾವಾಹಿಯ ಸೃಷ್ಟಿಕರ್ತ. ಎನ್‌ಬಿಸಿ ವಾಹಿನಿಯಲ್ಲಿ 1965ರಿಂದ 1970ರವರೆಗೆ ಇದರ 139 ಸಂಚಿಕೆಗಳು ಪ್ರಸಾರವಾದವು. ಗಗನಯಾತ್ರಿ ಟೋನಿ ನೆಲ್ಸನ್‌ಗೆ ನಿರ್ಜನ ದ್ವೀಪದ ಕಡಲತೀರದಲ್ಲಿ ಬಾಟಲಿಯೊಂದು ಸಿಗುತ್ತದೆ. ಅದರೊಳಗಿಂದ ಹೊರಬಂದ ಜೀನಿ ಅವನ ಮನೆಯನ್ನೇ ತನ್ನ ಮನೆಯಾಗಿಸಿಕೊಳ್ಳುತ್ತಾಳೆ. ಲ್ಯಾರಿ ಹ್ಯಾಗ್‌ಮನ್ ಮತ್ತು ಬಾರ್ಬರಾ ಈಡನ್ ಮುಖ್ಯ ಪಾತ್ರಧಾರಿಗಳು. 1995ರಲ್ಲಿ ಆರಂಭವಾದ ಸೋನಿ ವಾಹಿನಿ ಇದನ್ನು ಹಿಂದಿಗೆ ಡಬ್ ಮಾಡಿ ಪ್ರಸಾರ ಮಾಡಿದ್ದರಿಂದ, ಕೇಬಲ್ ಸಂಪರ್ಕವಿದ್ದ ನಮ್ಮ ಮನೆಗಳಿಗೂ ಜೀನಿ ಬಂದು ಹೋದಳು.

ಜೀನಿಯ ಬಾಟಲಿಯನ್ನು ಧಾರಾವಾಹಿಗಾಗಿ ತಯಾರಿಸಿದ್ದಲ್ಲ. ಜಿಮ್ ಬೀಮ್ ಮದ್ಯ ಸಂಸ್ಥೆಯು 1964ರ ಕ್ರಿಸ್‌ಮಸ್ ಋತುವಿಗೆಂದು ಮಾರುಕಟ್ಟೆಗೆ ಬಿಟ್ಟಿದ್ದ ಅಲಂಕಾರಿಕ ಬಾಟಲಿ ಅದು. ನಿರ್ದೇಶಕ ಜೀನ್ ನೆಲ್ಸನ್ ಅದನ್ನು ಮದ್ಯದಂಗಡಿಯೊಂದರಲ್ಲಿ ಕಂಡು ಆರಿಸಿದರೆಂಬುದು ಪ್ರತೀತಿ. ಮೊದಲ ಋತುವಿನ ಸಂಚಿಕೆಗಳು ಕಪ್ಪು-ಬಿಳುಪಿನಲ್ಲಿ ಚಿತ್ರಿತವಾದ್ದರಿಂದ ಬಾಟಲಿಗೆ ವರ್ಣವೈಭವದ ಅಗತ್ಯವಿರಲಿಲ್ಲ. ಹೊಗೆಬಣ್ಣ ಬೆರೆತ ಹಸಿರು ಗಾಜನ್ನು ಹಾಗೆಯೇ ಉಳಿಸಿ, ಪುರಾತನ ವಸ್ತುವಿನಂತೆ ಕಾಣಲೆಂದು ಚಿನ್ನದ ಬಣ್ಣದ ಎಲೆಗಳ ವಿನ್ಯಾಸ ಬರೆಯಲಾಯಿತು. 1966ರಲ್ಲಿ ಎರಡನೆಯ ಋತುವಿನಿಂದ ಧಾರಾವಾಹಿ ವರ್ಣಮಯವಾಯಿತು. ಬಾಟಲಿಯೂ ನೇರಳೆ ಮತ್ತು ಗುಲಾಬಿ ಬಣ್ಣ ತಳೆಯಿತು. ಇಂದು ಹೆಚ್ಚಿನವರ ನೆನಪಿನಲ್ಲಿ ಉಳಿದಿರುವುದು ಈ ರೂಪವೇ.

ಮುಚ್ಚಳದ ಕಥೆ ಸಂಗ್ರಾಹಕರಿಗೆ ಇನ್ನೂ ಮುಖ್ಯ. ಕಥೆಯ ಪ್ರಕಾರ ಮೂಲ ಮುಚ್ಚಳ ಕಡಲತೀರದಲ್ಲೇ ಉಳಿದುಹೋಗುತ್ತದೆ. ಆದ್ದರಿಂದ ಮೊದಲ ಋತುವಿನಲ್ಲಿ ಕಾಣುವುದು 1956ರ ಓಲ್ಡ್ ಗ್ರ್ಯಾಂಡ್-ಡ್ಯಾಡ್ ಮದ್ಯದ ಬಾಟಲಿಯ ಪಾರದರ್ಶಕ ಗಾಜಿನ ಮುಚ್ಚಳ. ವರ್ಣ ಸಂಚಿಕೆಗಳಲ್ಲಿ ಮಾತ್ರ ಜಿಮ್ ಬೀಮ್ ಬಾಟಲಿಯ ಸ್ವಂತ ಮುಚ್ಚಳ, ಬಾಟಲಿಗೆ ಹೊಂದುವ ಬಣ್ಣದಲ್ಲಿ, ಬಳಕೆಯಾಗಿದೆ. ಜೀನಿಯ ಸೋದರಿಯ ಬಾಟಲಿಯಾಗಿ ಬಣ್ಣವಿಲ್ಲದ ಜಿಮ್ ಬೀಮ್ ಬಾಟಲಿಯನ್ನೇ ತೋರಿಸಲಾಯಿತು. ಹೀಗಾಗಿ 'ಮೊದಲ ಋತುವಿನ ಬಾಟಲಿ' ಎಂದು ನೇರಳೆ ಬಣ್ಣದ, ಸ್ವಂತ ಮುಚ್ಚಳದ ಬಾಟಲಿಯನ್ನು ಯಾರಾದರೂ ಮಾರಲು ಬಂದರೆ, ಆ ಮಾತು ಅಲ್ಲಿಗೇ ಮುಗಿದಂತೆ.

ಐದು ಋತುಗಳಲ್ಲಿ ಬಣ್ಣ ಬಳಿದು ಬಳಸಿದ ಬಾಟಲಿಗಳು ಸುಮಾರು 12 ಇದ್ದಿರಬಹುದೆಂಬುದು ತಯಾರಿಕಾ ತಂಡದವರ ಅಂದಾಜು. ಕೆಲವು ಒಡೆದಿವೆ, ಕೆಲವು ಕಲಾವಿದರ ಬಳಿ ಉಳಿದಿವೆ. ಆದರೆ ಅದೇ ಅಚ್ಚಿನ ಖಾಲಿ ಬಾಟಲಿಗಳು ಅಮೆರಿಕದ ಮನೆಮನೆಗೆ ಮಾರಾಟವಾಗಿದ್ದವು. ಅವು ಹಳೆಯ ಸಾಮಾನಿನ ಸಂತೆಗಳಲ್ಲಿ ಈಗಲೂ ಸಿಗುತ್ತವೆ. ಅವಕ್ಕೆ ಬಣ್ಣ ಬಳಿದು ಮಾರುವ ಕುಶಲಕರ್ಮಿಗಳೂ ಇದ್ದಾರೆ. ಪ್ರತಿಕೃತಿ ಎಂದೇ ಹೇಳಿ ಮಾರುವವರೆಗೆ ಇದರಲ್ಲಿ ತಪ್ಪೇನೂ ಇಲ್ಲ. ಕೈಯಿಂದ ಕೈಗೆ ದಾಟುವಾಗ ಆ ಒಂದು ಪದ ಬಿಟ್ಟುಹೋಗುವುದರಲ್ಲಿಯೇ ಅಪಾಯವಿದೆ. ಗಾಜು ನಿಜವಾಗಿಯೂ 1964ರದ್ದು, ಅಚ್ಚು ನಿಜವಾಗಿಯೂ ಅದೇ. ಸುಳ್ಳು ಇರುವುದು ಬಣ್ಣದಲ್ಲಿ ಮಾತ್ರ.

ಎರಡು ಜೊತೆ ಕುರ್ಚಿಗಳು

'ಆಲ್ ಇನ್ ದಿ ಫ್ಯಾಮಿಲಿ' ಧಾರಾವಾಹಿ ಸಿಬಿಎಸ್ ವಾಹಿನಿಯಲ್ಲಿ 1971ರ ಜನವರಿ 12ರಂದು ಆರಂಭವಾಗಿ 1979ರವರೆಗೆ ನಡೆಯಿತು. ನಾರ್ಮನ್ ಲಿಯರ್ ಇದರ ರೂವಾರಿ. ನ್ಯೂಯಾರ್ಕಿನ ಕ್ವೀನ್ಸ್ ಪ್ರದೇಶದ ಪೂರ್ವಗ್ರಹಪೀಡಿತ ಕಾರ್ಮಿಕ ಆರ್ಚಿ ಬಂಕರ್ ತನ್ನ ಕುರ್ಚಿಯಲ್ಲಿ ಬೇರೆ ಯಾರೂ ಕೂರುವುದನ್ನು ಸಹಿಸುವುದಿಲ್ಲ. ಪಕ್ಕದಲ್ಲಿ ಪತ್ನಿ ಎಡಿತ್‌ಳ ಕುರ್ಚಿ, ನಡುವೆ ಪುಟ್ಟ ಮೇಜು. ವರ್ಣಭೇದದಿಂದ ವಿಯೆಟ್ನಾಂ ಯುದ್ಧದವರೆಗೆ ಆ ಕಾಲದ ಅಮೆರಿಕದ ಜಗಳಗಳೆಲ್ಲ ಈ ಕುರ್ಚಿಗಳ ಸುತ್ತಲೇ ನಡೆದವು. ಈ ಜೊತೆಯನ್ನು ಬಳಸಿದ ಸಾಮಾನಿನ ಅಂಗಡಿಯಿಂದ ಅಗ್ಗದ ಬೆಲೆಗೆ ತರಲಾಗಿತ್ತು.

1978ರಲ್ಲಿ ಈ ಕುರ್ಚಿಗಳು ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಸಂಸ್ಥೆಗೆ ದಾನವಾಗಿ ಸೇರಿದವು. ಆದರೆ ಧಾರಾವಾಹಿ ಮತ್ತೂ ಒಂದು ಋತು ಮುಂದುವರಿದ ಕಾರಣ, ಕೆಲವೇ ಡಾಲರುಗಳಿಗೆ ಕೊಂಡಿದ್ದ ಹಳೆಯ ಕುರ್ಚಿಗಳ ತದ್ರೂಪನ್ನು ಅದಕ್ಕಿಂತ ಹಲವು ಪಟ್ಟು ಹೆಚ್ಚು ಹಣ ತೆತ್ತು ಮಾಡಿಸಬೇಕಾಯಿತು. ಹೀಗೆ ಒಂದೇ ಧಾರಾವಾಹಿಗೆ ಎರಡು ಜೊತೆ 'ಅಸಲಿ' ಕುರ್ಚಿಗಳಾದವು. ಎರಡನೆಯದು ಮೊದಲನೆಯದರ ನಕಲು ಎಂಬುದು ನಿಜ. ಕ್ಯಾಮೆರಾದ ಮುಂದೆ ನಟರು ಅದರಲ್ಲಿ ಕುಳಿತದ್ದೂ ಅಷ್ಟೇ ನಿಜ.

ಈ ವ್ಯತ್ಯಾಸ ಮಾರುಕಟ್ಟೆಯಲ್ಲಿ ಪರೀಕ್ಷೆಗೊಳಗಾದದ್ದು 2023ರ ಜೂನ್‌ನಲ್ಲಿ. ಅಮೆರಿಕದ ಸಂಗ್ರಾಹಕ ಜೇಮ್ಸ್ ಕೊಮಿಸಾರ್ ಕಿರುತೆರೆಗೆಂದೇ ವಸ್ತುಸಂಗ್ರಹಾಲಯ ಸ್ಥಾಪಿಸುವ ಆಶಯದಿಂದ ಸುಮಾರು ಮೂರು ದಶಕ ಕಾಲ ವಸ್ತುಗಳನ್ನು ಕೂಡಿಟ್ಟಿದ್ದರು. ಆ ಆಶಯ ಕೈಗೂಡದೆ ಸಂಗ್ರಹವನ್ನು ಡಲ್ಲಾಸ್‌ನ ಹೆರಿಟೇಜ್ ಸಂಸ್ಥೆಯ ಮೂಲಕ ಹರಾಜು ಹಾಕಿದರು. 'ಚಿಯರ್ಸ್' ಧಾರಾವಾಹಿಯ ಮದ್ಯದಂಗಡಿಯ ಕಟ್ಟೆ 6,75,000 ಡಾಲರಿಗೆ, ಅಂದರೆ ಅಂದಿನ ವಿನಿಮಯ ದರದಲ್ಲಿ ಸುಮಾರು 5.5 ಕೋಟಿ ರೂಪಾಯಿಗೆ, ಮಾರಾಟವಾಯಿತು. ಬಂಕರ್ ದಂಪತಿಯ ನಡುಮನೆಯ ಸೆಟ್‌ಗೆ 1,25,000 ಡಾಲರ್ ಬಂದಿತು. ಮೊದಲ ಜೊತೆ ಕುರ್ಚಿಗಳು ಸ್ಮಿತ್ಸೋನಿಯನ್‌ನಲ್ಲೇ ಇರುವುದರಿಂದ ಇದು ಎರಡನೆಯ ಜೊತೆಯ ಸೆಟ್ ಎಂಬುದನ್ನು ಕೊಳ್ಳುವವರು ಅರಿತೇ ಕೊಂಡರು. ಒಂದೆಡೆ ಕೂಡಿದ್ದ ಸಂಗ್ರಹ ಮೂರು ದಿನಗಳಲ್ಲಿ ನೂರಾರು ಮನೆಗಳಿಗೆ ಚದುರಿಹೋಯಿತು. ಸಾರ್ವಜನಿಕರು ಅವುಗಳಲ್ಲಿ ಎಷ್ಟನ್ನು ಮುಂದೆ ನೋಡಬಲ್ಲರು ಎಂಬುದು ಈಗ ಹೊಸ ಮಾಲೀಕರ ಇಚ್ಛೆಗೆ ಬಿಟ್ಟದ್ದು.

ಸೆಟ್‌ನಂತೆ ಬದಲಾದ ಮನೆ

'ದಿ ಬ್ರೇಡಿ ಬಂಚ್' (1969-1974) ಪ್ರಕರಣ ಇದಕ್ಕೆ ತದ್ವಿರುದ್ಧ. ಲಾಸ್ ಏಂಜಲಿಸ್‌ನ ಸ್ಟುಡಿಯೊ ಸಿಟಿ ಬಡಾವಣೆಯ ಮನೆಯೊಂದರ ಹೊರನೋಟವನ್ನಷ್ಟೇ ಈ ಧಾರಾವಾಹಿಯಲ್ಲಿ ತೋರಿಸಲಾಗುತ್ತಿತ್ತು. ಒಳಾಂಗಣದ ಚಿತ್ರೀಕರಣವೆಲ್ಲ ಪ್ಯಾರಾಮೌಂಟ್ ಸ್ಟುಡಿಯೊದ ಸೆಟ್‌ನಲ್ಲಿ ನಡೆದಿತ್ತು. ಮನೆಗೂ ಸೆಟ್‌ಗೂ ಹೋಲಿಕೆಯೇ ಇರಲಿಲ್ಲ.

2018ರಲ್ಲಿ ಎಚ್‌ಜಿಟಿವಿ ವಾಹಿನಿ ಆ ಮನೆಯನ್ನು 35 ಲಕ್ಷ ಡಾಲರಿಗೆ ಕೊಂಡು, ಮೂಲ ಬಾಲನಟರ ಜೊತೆ ಸೇರಿ, ಒಳಭಾಗವನ್ನು ಸೆಟ್‌ನಂತೆಯೇ ಪುನರ್ನಿರ್ಮಿಸಿತು. ತೆರೆದ ಮೆಟ್ಟಿಲು, ಕಿತ್ತಳೆ ಬಣ್ಣದ ಅಡುಗೆಕಟ್ಟೆ, ಮೆಟ್ಟಿಲ ಬಳಿಯ ಕುದುರೆಯ ಶಿಲ್ಪ ಇವೆಲ್ಲವೂ ಬೇಕಿದ್ದವು. ಮೂಲ ಸಾಮಾನು ಬಹುಪಾಲು ಕಳೆದುಹೋಗಿದ್ದುದರಿಂದ ಆ ಕಾಲದ ಅದೇ ಮಾದರಿಯ ವಸ್ತುಗಳಿಗಾಗಿ ಹುಡುಕಾಟ ನಡೆಯಿತು. ಪ್ರೇಕ್ಷಕರಿಂದಲೂ ನೆರವು ಕೋರಲಾಯಿತು. ಸಿಗದಿದ್ದನ್ನು ಹೊಸದಾಗಿ ಮಾಡಿಸಲಾಯಿತು. ಈ ಕೆಲಸ 2019ರಲ್ಲಿ ಕಾರ್ಯಕ್ರಮವಾಗಿ ಪ್ರಸಾರವಾಯಿತು. 2023ರಲ್ಲಿ ಮನೆ 32 ಲಕ್ಷ ಡಾಲರಿಗೆ, ಅಂದರೆ ಕೊಂಡ ಬೆಲೆಗಿಂತಲೂ ಕಡಿಮೆಗೆ, ಮಾರಾಟವಾಯಿತು. ಅಷ್ಟೆಲ್ಲ ಶ್ರಮ, ವೆಚ್ಚ ಸುರಿದರೂ ಪ್ರತಿಕೃತಿಗೆ ಮಾರುಕಟ್ಟೆ ತೆರುವ ಬೆಲೆಗೆ ಮಿತಿಯಿದೆ ಎಂಬುದನ್ನು ಇದು ತೋರಿಸಿತು.

ಮೂರು ವರ್ಗಗಳು

ಅನುಭವಿ ಸಂಗ್ರಾಹಕರು ವಸ್ತುಗಳನ್ನು ಮೂರಾಗಿ ವಿಂಗಡಿಸುತ್ತಾರೆ. ಮೊದಲನೆಯದು, ತೆರೆಯ ಮೇಲೆ ಬಳಕೆಯಾದದ್ದೆಂದು ಸಾಬೀತಾದ ವಸ್ತು. ಎರಡನೆಯದು, ಬಳಕೆಯಾದದ್ದರ ಜೊತೆಯಲ್ಲೇ ಕಾರ್ಖಾನೆಯಿಂದ ಹೊರಬಂದ, ಅದೇ ಕಾಲದ ಅದೇ ಮಾದರಿಯ ವಸ್ತು. ಮೂರನೆಯದು, ನಂತರ ತಯಾರಾದ ಪ್ರತಿಕೃತಿ. ಸಾಧಾರಣ ಆದಾಯದವರಿಗೆ ಎರಡನೆಯ ವರ್ಗವೇ ಸೂಕ್ತ. ಬಣ್ಣ ಬಳಿಯದ ಜಿಮ್ ಬೀಮ್ ಬಾಟಲಿ ಈ ವರ್ಗಕ್ಕೆ ಸೇರುತ್ತದೆ. ಅದಕ್ಕೆ ಹೊಸದಾಗಿ ಬಣ್ಣ ಬಳಿದೊಡನೆ ಅದು ಮೂರನೆಯ ವರ್ಗಕ್ಕೆ ಇಳಿಯುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಪರೀಕ್ಷಿಸುವ ಬಗೆ

ಮೊದಲ ವರ್ಗದ ವಸ್ತುವನ್ನು ಕೊಳ್ಳುವವರು ಎರಡು ದಾರಿಗಳಲ್ಲಿ ಪರಿಶೀಲಿಸಬೇಕಾಗುತ್ತದೆ. ವಸ್ತು ಸೆಟ್‌ನಿಂದ ಹೊರಬಂದ ದಿನದಿಂದ ಇಂದಿನವರೆಗೆ ಯಾರ ಯಾರ ಕೈಯಲ್ಲಿತ್ತು ಎಂಬ ದಾಖಲೆ ಒಂದು. ರಸೀದಿ, ಪತ್ರ, ಹಳೆಯ ಹರಾಜಿನ ಕ್ಯಾಟಲಾಗ್, ಸ್ಟುಡಿಯೊ ಅಥವಾ ಬಾಡಿಗೆ ಮಳಿಗೆ ಅಂಟಿಸಿದ ದಾಸ್ತಾನು ಸಂಖ್ಯೆ ಇವು ಆಧಾರವಾಗುತ್ತವೆ. 'ಪ್ರಾಮಾಣಿಕತೆಯ ಪತ್ರ' ಎಂಬ ಮುದ್ರಿತ ಹಾಳೆಗೆ ಅದನ್ನು ಬರೆದವರ ವಿಶ್ವಾಸಾರ್ಹತೆಯಷ್ಟೇ ಬೆಲೆ. ಪತ್ರ ಬರೆದವರೇ ಮಾರಾಟಗಾರರೂ ಆಗಿದ್ದರೆ ಆ ಬೆಲೆ ಇನ್ನೂ ಕಡಿಮೆ.

ಇನ್ನೊಂದು ದಾರಿ ದೃಶ್ಯದೊಂದಿಗಿನ ಹೋಲಿಕೆ. ಕೈಯಲ್ಲಿ ಬರೆದ ವಿನ್ಯಾಸ, ಮರದ ಎಳೆ, ಬಟ್ಟೆಯ ಹೊಲಿಗೆಯಲ್ಲಿ ಚಿತ್ತಾರ ಕೂಡುವ ಜಾಗ, ಅಂಚಿನ ಒಡಕು ಇವು ಎರಡು ವಸ್ತುಗಳಲ್ಲಿ ಒಂದೇ ರೀತಿ ಇರುವುದು ಅಸಂಭವ. ಸಂಚಿಕೆಯ ಸ್ಪಷ್ಟ ಪ್ರತಿಯನ್ನು ನಿಲ್ಲಿಸಿ ಇವುಗಳನ್ನು ಒಂದೊಂದಾಗಿ ಹೋಲಿಸಬೇಕು. ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಾದ ದೀಪ, ಲೋಟಗಳಲ್ಲಿ ಇಂತಹ ಗುರುತು ಇಲ್ಲದಿದ್ದರೆ ಹೋಲಿಕೆಯಿಂದ ಏನೂ ಸಾಬೀತಾಗದು. ಅಂಥವಕ್ಕೆ ದಾಖಲೆಯೇ ಗತಿ.

ಬಣ್ಣದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. 'ಐ ಡ್ರೀಮ್ ಆಫ್ ಜೀನಿ'ಯ ಮೊದಲ ಋತು 2006ರಲ್ಲಿ ಡಿವಿಡಿಯಾಗಿ ಬಂದಾಗ ಕಪ್ಪು-ಬಿಳುಪಿನ ಮೂಲ ಪ್ರತಿಯ ಜೊತೆಗೆ ಕಂಪ್ಯೂಟರ್‌ನಿಂದ ಬಣ್ಣ ತುಂಬಿದ ಪ್ರತಿಯೂ ಬಿಡುಗಡೆಯಾಯಿತು. ಅದರಲ್ಲಿ ಕಾಣುವ ಬಣ್ಣ ನಂತರದ ತಂತ್ರಜ್ಞರ ಆಯ್ಕೆಯೇ ಹೊರತು 1965ರ ಸೆಟ್‌ನ ಸಾಕ್ಷ್ಯವಲ್ಲ.

ಸಂರಕ್ಷಣೆ ಮತ್ತು ಸುಂಕ

ಈ ವಸ್ತುಗಳನ್ನು ಬಾಳಿಕೆಗೆಂದು ಮಾಡಿದ್ದಲ್ಲ. ಕ್ಯಾಮೆರಾಕ್ಕೆ ಚೆನ್ನಾಗಿ ಕಂಡರೆ ಸಾಕಿತ್ತು. ಕಾಯಿಸಿ ಭದ್ರಪಡಿಸದೆ ಗಾಜಿನ ಮೇಲೆ ಬಳಿದ ಬಣ್ಣ ನೀರು, ಮದ್ಯಸಾರ ತಾಗಿದರೆ ಎದ್ದುಬರುತ್ತದೆ. ಆದ್ದರಿಂದ ಒಣ ಮೃದು ಕುಂಚದಿಂದ ಧೂಳು ಒರೆಸುವುದಷ್ಟೇ ಸುರಕ್ಷಿತ. ಕುರ್ಚಿಯ ಬಟ್ಟೆ ಬಿಸಿಲಿಗೆ ಮಾಸುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ಜವಳಿಗೆ 50 ಲಕ್ಸ್‌ನಷ್ಟು ಮಂದ ಬೆಳಕನ್ನು ಮಾತ್ರ ಇಡುವುದು ಇದೇ ಕಾರಣಕ್ಕೆ. ಹರಿದ ಬಟ್ಟೆಯನ್ನು ಬದಲಾಯಿಸಿದರೆ ಕುರ್ಚಿ ಚೆಂದವಾಗಬಹುದು. ಆದರೆ ದೃಶ್ಯದೊಂದಿಗೆ ಹೋಲಿಸಬಹುದಾಗಿದ್ದ ಏಕೈಕ ಸಾಕ್ಷ್ಯ ಅದರೊಡನೆ ಹೋಗುತ್ತದೆ.

ವಿದೇಶದಿಂದ ತರಿಸಿಕೊಳ್ಳುವ ಆಸಕ್ತರು ಗಮನಿಸಬೇಕಾದ ಅಂಶವೊಂದಿದೆ. ಸುಂಕದ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಪುರಾತನ ವಸ್ತು ಎನಿಸಿಕೊಳ್ಳಲು ನೂರು ವರ್ಷ ಮೀರಿರಬೇಕು. ಅರವತ್ತರ ದಶಕದ ಧಾರಾವಾಹಿಯ ದೀಪ ಎಷ್ಟೇ ಖ್ಯಾತವಾಗಿದ್ದರೂ ಸುಂಕದ ಅಧಿಕಾರಿಗಳ ಪಾಲಿಗೆ ಅದು ಬಳಸಿದ ದೀಪವಷ್ಟೇ.

ಸೆಟ್‌ಗಳು ನಿಂತಿದ್ದ ಜಾಗಗಳೂ ಕಣ್ಮರೆಯಾಗುತ್ತಿವೆ. ಟೋನಿ ನೆಲ್ಸನ್‌ನ ಮನೆಯ ಹೊರನೋಟ ಚಿತ್ರಿತವಾದ ಬರ್ಬ್ಯಾಂಕ್‌ನ ಹಳೆಯ ಕೊಲಂಬಿಯಾ ರಾಂಚ್‌ನ ಕಟ್ಟಡಗಳನ್ನು 2023ರಲ್ಲಿ ಹೊಸ ಸ್ಟುಡಿಯೊಗಳಿಗಾಗಿ ಕೆಡವಲಾಯಿತು. ಕಟ್ಟಡಗಳು ಹೋದ ಮೇಲೆ ಆ ಕಾಲದ ಕೈಗೆ ಸಿಗುವ ಕುರುಹಾಗಿ ಉಳಿಯುವುದು ಈ ಸಣ್ಣಪುಟ್ಟ ಸಾಮಾನುಗಳೇ. ಆದುದರಿಂದ ವಸ್ತು ಯಾವುದೇ ವರ್ಗದ್ದಾಗಿರಲಿ, ಎಲ್ಲಿ, ಯಾರಿಂದ, ಏನೆಂದು ಹೇಳಿ ಕೊಂಡದ್ದು ಎಂಬುದನ್ನು ಬರೆದು ಅದರ ಜೊತೆಗೇ ಇಡುವುದು ಪ್ರತಿಯೊಬ್ಬ ಸಂಗ್ರಾಹಕರ ಮೊದಲ ಕರ್ತವ್ಯ. ಪ್ರತಿಕೃತಿಯಾಗಿದ್ದರೆ ಅದನ್ನು ತಳದಲ್ಲೇ ನಮೂದಿಸುವುದು ಮುಂದಿನ ಖರೀದಿದಾರರಿಗೆ ಮಾಡುವ ಉಪಕಾರ.