ಒಸಾಕಾದಲ್ಲಿ ಸಿಕ್ಕ ಉಪ್ಪಿನಕುದ್ರು

ಜಪಾನಿಗೆ ಹೋದ ಹೊಸತರಲ್ಲಿ ಒಸಾಕಾದಲ್ಲಿ ಬುನ್ರಾಕು ಗೊಂಬೆಯಾಟ ನೋಡಿದೆ. ಒಂದಕ್ಷರ ಅರ್ಥ ಆಗ್ಲಿಲ್ಲ. ಆದ್ರೆ ಪದ ಹೇಳುವವರು ಬಾಯಿ ತೆಗೆದದ್ದೇ, 'ಎಂತ ಮಾರಾಯ್ರೆ, ಇವ್ರು ನಮ್ ಭಾಗವತ್ರೇ ಅಲ್ದಾ!' ಅನ್ನಿಸಿತು.

ಅವರನ್ನು ತಾಯು ಅಂತಾರೆ. ಪಕ್ಕದಲ್ಲಿ ಮೂರು ತಂತಿಯ ಶಾಮಿಸೆನ್. ಗಾಯಕ ತಕೆಮೊತೊ ಗಿದಾಯು 1684ರಲ್ಲಿ ಇದೇ ಒಸಾಕಾದಲ್ಲಿ ಗೊಂಬೆಯಾಟದ ರಂಗಮಂದಿರ ಶುರುಮಾಡಿದರು. ಅವರಿಗೆ ಪ್ರಸಂಗ ಬರೆದುಕೊಟ್ಟವರು ಚಿಕಮತ್ಸು ಮೊಂಜಾಎಮೊನ್. ನಮ್ಮ ಗೊಂಬೆಗಳು ಹೆಚ್ಚಾಗಿ ರಾಮಾಯಣ, ಮಹಾಭಾರತದವು. ಚಿಕಮತ್ಸು 1703ರಲ್ಲಿ ಸೋಯಾ ಸಾಸ್ ಅಂಗಡಿಯ ಗುಮಾಸ್ತನನ್ನೇ ನಾಯಕ ಮಾಡಿದರು. ಊರಲ್ಲಿ ಆಗಷ್ಟೇ ನಡೆದ ಪ್ರೇಮಿಗಳ ಆತ್ಮಹತ್ಯೆಯ ಕಥೆ ಅದು.

ಕುಂದಾಪುರದ ಉಪ್ಪಿನಕುದ್ರುವಿನಲ್ಲಿ ಗೊಂಬೆಗೆ ಬಡಗುತಿಟ್ಟಿನ ವೇಷ. ಮೇಲಿಂದ ದಾರ ಹಿಡಿದು ಕುಣಿಸ್ತಾರೆ. ಬುನ್ರಾಕುವಿನಲ್ಲಿ ದಾರವೇ ಇಲ್ಲ. ಒಂದು ಗೊಂಬೆಗೆ ಮೂವರು: ತಲೆ ಮತ್ತು ಬಲಗೈಗೆ ಒಬ್ಬರು, ಎಡಗೈಗೆ ಒಬ್ಬರು, ಕಾಲಿಗೆ ಒಬ್ಬರು. ಕಾಲು ಹಿಡಿದವರು ತಲೆಯವರೆಗೆ ಬರಲು ದಶಕಗಳೇ ಬೇಕು!

ಈ ಕಲೆಗಾಗಿ 1984ರಲ್ಲಿ ಒಸಾಕಾದಲ್ಲಿ ರಾಷ್ಟ್ರೀಯ ರಂಗಮಂದಿರವೇ ಎದ್ದಿತು. ನಮ್ಮಲ್ಲಿ ಆಟವನ್ನು ಕೈಬಿಡದೆ ಉಳಿಸಿದ್ದು ಒಂದು ಮನೆತನ: ಕೊಗ್ಗ ಕಾಮತರು ವಿದೇಶಕ್ಕೂ ಒಯ್ದರು, ಮಗ ಭಾಸ್ಕರ ಕಾಮತರು ಮುಂದುವರಿಸಿದರು.

ನಿಜ ಹೇಳ್ತೇನೆ. ಕುಂದಾಪುರದವನಾದ ನಾನು ಅಲ್ಲಿಯವರೆಗೆ ಉಪ್ಪಿನಕುದ್ರುವಿನ ಆಟ ಒಮ್ಮೆಯೂ ನೋಡಿರಲಿಲ್ಲ. ಟಿಕೆಟ್ ತೆಗೆದು ಒಸಾಕಾದಲ್ಲಿ ಕೂತಾಗ ನಾಚಿಕೆಯಾಯ್ತು. ಊರಿಗೆ ಬಂದವನೇ ಮೊದಲು ಹೋದದ್ದು ಅಲ್ಲಿಗೆ. ನೀವೂ ಒಮ್ಮೆ ಹೋಯ್ನಿ, ಕಾಣಿ.